ಮಸಿಯ ಕೆಳಗಿದ್ದ ಹೆಸರು

"ಕಾಗದದಲ್ಲಿ ಇಲ್ಲದ್ದು ರಂಗದ ಮೇಲೂ ಇಲ್ಲ" ಎಂದು ಚರ್ಚಿನ ಹಾಲಿನ ಗೋಡೆಗೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದವನು ಕ್ಲೆಮೆಂಟ್ ಅಪೊಲಿಸ್. ಆ ನಿಯಮವನ್ನು ಎಲ್ಲರಿಗಿಂತ ಮೊದಲು ಮುರಿದವನೂ ಅವನೇ. ಮೊದಲನೆಯದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಎರಡನೆಯದು ಅವನ ಗಮನಕ್ಕೆ ಬರಲು ಐದು ತಿಂಗಳು ಬೇಕಾಯಿತು.

ಶಾಲೆಯಲ್ಲಿ ಇಪ್ಪತ್ತನಾಲ್ಕು ವರ್ಷ ಇಂಗ್ಲಿಷೂ ನಾಟಕವೂ ಕಲಿಸಿ, ಐವತ್ತಕ್ಕೆ ಸ್ವಯಂ ನಿವೃತ್ತಿ ಪಡೆದು, ಈಗ ಅವನು ಕೇಪ್‌ಟೌನಿನ ಅಥ್ಲೋನ್ ಬಡಾವಣೆಯಲ್ಲಿ ಒಂದು ನಾಟಕದ ತಂಡ ಕಟ್ಟಿಕೊಂಡಿದ್ದ. ಬಿಳಿಯರ ಹಳೇ ಸರ್ಕಾರ ನಮ್ಮನ್ನೆಲ್ಲ ಬಣ್ಣ ನೋಡಿ ವಿಂಗಡಿಸಿದ ಕಾಲದ ಕಡತಗಳು ಈಗ ತೆರೆದಿದ್ದವು. ಅರ್ಜಿ ಹಾಕಿದರೆ ನಿಮ್ಮ ಮನೆಯದನ್ನು ನಕಲು ಮಾಡಿ ಕಳಿಸುತ್ತಿದ್ದರು. ಅಧಿಕಾರಿಗಳ ಪತ್ರ, ವಿಚಾರಣೆ, ಷರಾ, ಸಹಿ ಸಮೇತ ಒಂದಕ್ಷರ ಬದಲಿಸದೆ ರಂಗದ ಮೇಲೆ ಆಡಿ ತೋರಿಸುವುದು ತಂಡದ ಕೆಲಸ. ಒಂದು ಕಡೆ ಬಿಳಿಯರು, ಒಂದು ಕಡೆ ಕರಿಯರು, ನಡುವೆ ಸರ್ಕಾರವೇ ಕಟ್ಟಿದ 'ಕಲರ್ಡ್' ಎಂಬ ದೊಡ್ಡಿ, ಆ ದೊಡ್ಡಿಯಲ್ಲಿ ನಾವು. ಯಾರು ಎಲ್ಲಿಗೆ ಎಂದು ತೀರ್ಮಾನಿಸಲು ಒಬ್ಬ ಗುಮಾಸ್ತ ಸಾಕಾಗಿತ್ತು. ಅವನು ಬಂದು ಕೂದಲು ಮುಟ್ಟಿ ನೋಡುತ್ತಿದ್ದ, ಉಗುರು ನೋಡುತ್ತಿದ್ದ, ಮನೆಗೆ ಯಾರ್ಯಾರು ಬಂದು ಹೋಗುತ್ತಾರೆಂದು ಕೇಳುತ್ತಿದ್ದ. ಅಷ್ಟರ ಮೇಲೆ ನಿಮ್ಮ ಕೆಲಸ, ಮನೆ, ಮಕ್ಕಳ ಶಾಲೆ, ಕೊನೆಗೆ ಹೂಳುವ ಜಾಗ ಕೂಡ ನಿರ್ಧಾರವಾಗುತ್ತಿತ್ತು. ಇಂಥ ಕಡತಕ್ಕೆ ನಾವು ಮಾತು ಸೇರಿಸುವ ಅಗತ್ಯವೇ ಇಲ್ಲ, ಅದೇ ತನ್ನ ನಾಚಿಕೆಗೇಡನ್ನು ಹೇಳಿಕೊಳ್ಳುತ್ತದೆ ಎಂಬುದು ಕ್ಲೆಮೆಂಟನ ವಾದ. ವಾದವೇನೋ ಸರಿಯಾಗಿತ್ತು.

ಆದರೆ ತನ್ನ ಮನೆಯ ಕಡತ ಬಂದ ದಿನ ಅವನಿಗೆ ಸ್ವಲ್ಪ ಅವಮಾನವೇ ಆಯಿತು. ತಂಡದಲ್ಲಿ ಒಬ್ಬರದು ಇನ್ನೂರು ಪುಟ, ಇನ್ನೊಬ್ಬರದು ಎರಡು ಪೆಟ್ಟಿಗೆ. ಅವನದು ಮೂವತ್ತೊಂದೇ ಹಾಳೆ. "ಇಷ್ಟೇನಾ?" ಎಂದು ಅಂಚೆಯವನನ್ನೇ ಕೇಳಿಬಿಟ್ಟಿದ್ದ. ಸರ್ಕಾರ ತನ್ನ ಮನೆಯನ್ನು ಹಾಳುಮಾಡಲು ಇನ್ನೂ ಸ್ವಲ್ಪ ಶ್ರಮ ಪಡಬಹುದಿತ್ತು ಎಂದು ಮನಸ್ಸಿನಲ್ಲಿ ಬಂದದ್ದನ್ನು ಆಮೇಲೆ ಯಾರಿಗೂ ಹೇಳಲಿಲ್ಲ.

ಹಾಳಾದದ್ದಂತೂ ನಿಜ. ಅವನ ಅಪ್ಪ ವಿಲ್ಫ್ರೆಡ್ ನೋಡಲು ಬೆಳ್ಳಗೆ, ಅಮ್ಮ ಎಥೆಲ್ ಇನ್ನೂ ಬೆಳ್ಳಗೆ. ವುಡ್‌ಸ್ಟಾಕಿನ ಒಂದು ಬೀದಿಯಲ್ಲಿ ಬಿಳಿಯರೆಂದು ಬರೆಸಿಕೊಂಡು ಬದುಕಿದ್ದರು. ಅಪ್ಪ ರೈಲಿನ ಯಾರ್ಡಿನಲ್ಲಿ ಫೋರ್‌ಮನ್. ಬಿಳಿಯರಿಗೆ ಮಾತ್ರ ಮೀಸಲಾದ ಕೆಲಸ. ಅಪ್ಪನ ಅಮ್ಮ, ಅಂದರೆ ಓಮಾ, ಮಾತ್ರ ಕಪ್ಪು. ಅವಳು ಭಾನುವಾರ ಕತ್ತಲಾದ ಮೇಲೆ ಹಿಂದಿನ ಓಣಿಯಿಂದ ಬಂದು ಮೊಮ್ಮಕ್ಕಳನ್ನು ನೋಡಿ ಹೋಗುತ್ತಿದ್ದಳು. ೧೯೬೨ರಲ್ಲಿ ಯಾರೋ ಅದನ್ನು ಕಚೇರಿಗೆ ತಿಳಿಸಿದರು. ಎರಡು ತಿಂಗಳಲ್ಲಿ ಇಡೀ ಮನೆ 'ಕಲರ್ಡ್' ಆಯಿತು. ಅಪ್ಪನ ಕೆಲಸ ಹೋಯಿತು. ಅಕ್ಕ ಲೋರ್ನಾಳನ್ನು ಹತ್ತನೇ ವಯಸ್ಸಿನಲ್ಲಿ ಅವಧಿಯ ನಡುವೆಯೇ, ಪಾಠ ನಡೆಯುತ್ತಿದ್ದಾಗಲೇ, ಶಾಲೆಯಿಂದ ಹೊರಗೆ ಕಳಿಸಿದರು. ಮನೆ ಬಿಟ್ಟು ಊರಾಚೆಯ ಮರಳಿನ ಬಯಲಿಗೆ, ಈ ಅಥ್ಲೋನಿಗೆ, ಬಂದರು. ಈಗ ಓಮಾ ಹಗಲಲ್ಲೇ, ಮುಂದಿನ ಬಾಗಿಲಿಂದಲೇ ಬರಬಹುದಿತ್ತು. ಅವಳು ಬರಲೇ ಇಲ್ಲ. ತನ್ನ ಮುಖದಿಂದಲೇ ಇದೆಲ್ಲ ಆಯಿತೆಂದು ಕೊರಗಿ ಮರುವರ್ಷ ತೀರಿಕೊಂಡಳು.

ತಿಳಿಸಿದವರು ಯಾರು? ಪಕ್ಕದ ಮನೆಯ ಡಲ್ಸಿ ಯಾಫ್ಟಾ. ಅದರಲ್ಲಿ ಅಪೊಲಿಸ್ ಮನೆಯವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಬಟ್ಟೆ ಹೊಲಿಯುವವಳು, ಹೊಲಿಗೆ ಯಂತ್ರ ಇದ್ದದ್ದು ಹಿಂದಿನ ಕಿಟಕಿಯ ಬಳಿ, ಕಿಟಕಿ ಇದ್ದದ್ದು ಓಣಿಯ ಕಡೆ. ಇನ್ನೇನು ಬೇಕು? ಆಮೇಲೆ ಆ ಬೀದಿಯ 'ಕಲರ್ಡ್' ಮನೆಗಳನ್ನೆಲ್ಲ ಖಾಲಿ ಮಾಡಿಸಿ ಅವಳನ್ನೂ ಅಥ್ಲೋನಿಗೇ, ಅದೇ ಚರ್ಚಿಗೇ ತಂದು ಹಾಕಿದರು. ನಲವತ್ತನಾಲ್ಕು ವರ್ಷ ಅಕ್ಕ ತಮ್ಮ ಇಬ್ಬರೂ ಅವಳ ಮುಖ ನೋಡಲಿಲ್ಲ. ಭಾನುವಾರ ಬೆಳಿಗ್ಗೆ ಡಲ್ಸಿ ಆಂಟಿ ಕರಿಯುವ ಕೂಸಿಸ್ಟರಿಗೆ ಮಾತ್ರ, ಅವಳನ್ನು ಬೈಯುವವರೂ ಸೇರಿ, ಇಡೀ ಬೀದಿ ಪಾತ್ರೆ ಹಿಡಿದು ಸಾಲು ನಿಲ್ಲುತ್ತಿತ್ತು. ಪಾಕದಲ್ಲಿ ಅದ್ದಿ ಕೊಬ್ಬರಿಯಲ್ಲಿ ಹೊರಳಿಸಿದ ಆ ಸಿಹಿಯ ವಾಸನೆಯನ್ನು ದಾಟಿಕೊಂಡು ಕ್ಲೆಮೆಂಟ್ ಮೂರು ಬೀದಿ ಆಚೆ ಹೋಗಿ, ರಬ್ಬರಿನಂಥದ್ದನ್ನು ಕೊಂಡು ತಂದು, ಸ್ವಾಭಿಮಾನದಿಂದ ಅಗಿಯುತ್ತಿದ್ದ. ಪೂಜೆಯ ನಡುವೆ ಎಲ್ಲರೂ ಒಬ್ಬರಿಗೊಬ್ಬರು ಕೈಕುಲುಕಿ ಶಾಂತಿ ಹೇಳಿಕೊಳ್ಳುವ ಹೊತ್ತಿಗೆ ಅವನಿಗೆ ತಪ್ಪದೆ ಬೂಟಿನ ದಾರ ಬಿಚ್ಚಿಹೋಗುತ್ತಿತ್ತು. ಅಮ್ಮ ಮಾತ್ರ ಬದುಕಿರುವ ತನಕ ಆ ಹೊತ್ತಿಗೆ ನೇರ ಡಲ್ಸಿಯ ಬಳಿ ಹೋಗಿ ಕೈ ಹಿಡಿದರೆ ಬಹಳ ಹೊತ್ತು ಬಿಡುತ್ತಿರಲಿಲ್ಲ. ಅಮ್ಮ ಸಂತಳು ಎಂದುಕೊಂಡಿದ್ದ ಕ್ಲೆಮೆಂಟ್. ಅದನ್ನೂ ಬಿಡದೆ ನಾಟಕಕ್ಕೆ ಹಾಕಿಕೊಂಡಿದ್ದ.

ನಾಟಕದ ನಾಲ್ಕನೇ ದೃಶ್ಯ ಡಲ್ಸಿಯದು. ಜಾಲರಿ ಪರದೆಯ ಹಿಂದೆ ಒಬ್ಬ ದಪ್ಪ ಹೆಂಗಸು ಸೂಜಿ ಹಿಡಿದು ಓಣಿಯನ್ನು ಇಣುಕುತ್ತಾಳೆ. ಗದ್ದದ ಮೇಲೊಂದು ನರಹುಲಿ. ಆ ಪಾತ್ರ ಮಾಡಬೇಕಾದವಳು ಫೈರೂಜ್, ಇಪ್ಪತ್ತಾರು ವರ್ಷದ ಹುಡುಗಿ, ಅವನ ಹಳೇ ವಿದ್ಯಾರ್ಥಿನಿ. ತಂಡದ ಕಾಗದಪತ್ರವೆಲ್ಲ ಅವಳ ಕೈಯಲ್ಲೇ. ಮೊದಲ ತಾಲೀಮಿನ ದಿನವೇ ಅವಳು ಹಾಳೆ ಹಿಡಿದುಕೊಂಡು ಬಂದಿದ್ದಳು.

"ಸರ್, ಇಲ್ಲಿ 'ಮಾಹಿತಿ ಕೊಟ್ಟವರು' ಅಂತ ಇದೆ. ಮುಂದೆ ಹೆಸರಿಗೆ ಮಸಿ ಬಳಿದಿದ್ದಾರೆ. ಕೆಳಗೆ ಹತ್ತು ಸಾಲಿಗೂ ಮಸಿನೇ. ಡಲ್ಸಿ ಆಂಟಿ ಅಂತ ನೀವು ಹೇಗೆ ಹಾಕಿದ್ರಿ?"

"ಅದು ಇಡೀ ಊರಿಗೇ ಗೊತ್ತಿರೋ ವಿಷಯ ಫೈರೂಜ್."

"ಊರಿಗೆ ಹೇಳಿದ್ದು ಯಾರು ಸರ್?"

"ನಾವೇ."

"ಮತ್ತೆ ಗೋಡೆ ಮೇಲೆ ಬರೆದಿರೋದು?"

"ಕಲೆ ಅಂದ್ರೆ ಸ್ವಲ್ಪ ಧೈರ್ಯ ಬೇಕಾಗುತ್ತಮ್ಮಾ."

"ನರಹುಲಿನೂ ಧೈರ್ಯನಾ ಸರ್?"

ಈ ಹುಡುಗಿಯ ಬಾಯಿ ಮುಚ್ಚಿಸಲಾದರೂ ಆ ಮಸಿ ತೆಗೆಸಬೇಕೆಂದು ಕ್ಲೆಮೆಂಟ್ ಹಟ ಹಿಡಿದ. ಅವನೂ ಅವಳೂ ಇಬ್ಬರೂ ಸಹಿ ಹಾಕಿ ಮೇಲ್ಮನವಿ ಕಳಿಸಿದರು. ಅಷ್ಟಕ್ಕೇ ಬಿಡದೆ ವಾರಕ್ಕೊಮ್ಮೆ ಕಡತದ ಕಚೇರಿಗೆ ಫೋನು ಮಾಡಿ, ಅಲ್ಲಿದ್ದ ಹೆಂಗಸಿನ ತಾಳ್ಮೆ ಪರೀಕ್ಷಿಸುತ್ತಿದ್ದ.

"ಆ ಹೆಸರನ್ನ ಮುಚ್ಚಿಡೋಕೆ ನಿಮಗೆ ಯಾರು ಹಕ್ಕು ಕೊಟ್ರು ಮೇಡಂ?"

"ಕಾನೂನು ಸರ್. ಹೆಸರು ಹೊರಗೆ ಬಂದ್ರೆ ಆ ವ್ಯಕ್ತಿಗೆ ನೋವಾಗಬಾರದು ಅಂತ."

"ನೋವಾಗಲಿ ಮೇಡಂ! ನೋವಾಗಲಿ ಅಂತಲೇ ಕೇಳ್ತಿರೋದು!"

ಐದು ತಿಂಗಳ ಬಳಿಕ, ನಾಟಕಕ್ಕೆ ನಾಲ್ಕೇ ದಿನ ಇರುವಾಗ, ಮಂಗಳವಾರದ ಅಂಚೆಯಲ್ಲಿ ಆ ಹಾಳೆ ಬಂತು. ಕ್ಲೆಮೆಂಟ್ ಕಾಫಿ ಕಲಸಿಕೊಂಡು, ಕನ್ನಡಕ ಒರೆಸಿಕೊಂಡು, ಗೆದ್ದವನ ಗತ್ತಿನಲ್ಲಿ ಕೂತು ಲಕೋಟೆ ಒಡೆದ. ಮೇಲೊಂದು ಪತ್ರ ಇತ್ತು: "ಮಾಹಿತಿದಾರರು ಆ ಕಾಲಕ್ಕೆ ಅಪ್ರಾಪ್ತ ವಯಸ್ಕರಾಗಿದ್ದ ಕಾರಣ ಅವರ ಹಿತರಕ್ಷಣೆಗಾಗಿ ಹೆಸರನ್ನು ಮರೆಮಾಡಲಾಗಿತ್ತು. ಸದರಿ ವ್ಯಕ್ತಿಯು ಅರ್ಜಿದಾರರೇ ಎಂದು ಈಗ ಖಚಿತವಾಗಿರುವುದರಿಂದ ತಮ್ಮ ಕೋರಿಕೆಯನ್ನು ಮನ್ನಿಸಲಾಗಿದೆ."

ಕಚೇರಿಯವರ ಭಾಷೆಯೇ ಹೀಗೆ, ತಲೆಬುಡ ಇರುವುದಿಲ್ಲ ಎಂದುಕೊಂಡು ಅವನು ಕೆಳಗಿನ ಹಾಳೆಗೆ ಹೋದ.

"೧೪ ಆಗಸ್ಟ್ ೧೯೬೨. ಬೀದಿಯ ಮಾಮೂಲಿ ತಪಾಸಣೆಯಲ್ಲಿ ಸದರಿ ಮನೆಗೆ ಭೇಟಿ. ತಾಯಿ ಅಂಗಡಿಗೆ ಹೋಗಿದ್ದಳು. ಬಾಗಿಲು ತೆಗೆದವನು ಮಗ ಕ್ಲೆಮೆಂಟ್, ವಯಸ್ಸು ಆರು, ಕೆಮ್ಮಿನ ಕಾರಣ ಶಾಲೆಗೆ ಹೋಗಿರಲಿಲ್ಲ. ಬಹಳ ಚೂಟಿ ಮಗು. ಕೇಳಿದ್ದಕ್ಕಿಂತ ಹೆಚ್ಚು ಹೇಳಿತು. ಭಾನುವಾರ ಕತ್ತಲಾದ ಮೇಲೆ ಹಿಂದಿನ ಓಣಿಯಿಂದ ಅಜ್ಜಿ ಬರುವಳೆಂದೂ, ಬೇರೆಯವರು ಬಂದರೆ ಆಕೆ ಕಲ್ಲಿದ್ದಲಿನ ಕೋಣೆಯಲ್ಲಿ ಕೂರಬೇಕೆಂದೂ ತಿಳಿಸಿತು. ಆಕೆ ತಲೆಗೆ ಬಟ್ಟೆ ಕಟ್ಟುವ, ನಡೆಯುವ, ಮಾತಾಡುವ ರೀತಿಯನ್ನು ಟವೆಲ್ ಸುತ್ತಿಕೊಂಡು ಅಭಿನಯಿಸಿ ತೋರಿಸಿತು. ನಾನು ನಕ್ಕಿದ್ದರಿಂದ ಮತ್ತೊಮ್ಮೆ ತೋರಿಸಿತು. ಹಾಸಿಗೆಯಡಿಯಿಂದ ಆಕೆಯ ಫೋಟೊ ತಂದುಕೊಟ್ಟಿತು. ಫೋಟೊ ಲಗತ್ತಿಸಿದೆ. ಮಗುವಿಗೆ ಒಂದು ಪೆಪ್ಪರಮಿಂಟು ನೀಡಲಾಯಿತು."

ಓದಿದ ತಕ್ಷಣ ಕ್ಲೆಮೆಂಟನ ತಲೆಯಲ್ಲಿ ಮೊದಲು ಬಂದದ್ದು ದುಃಖವಲ್ಲ, ನಾಚಿಕೆಯೂ ಅಲ್ಲ. 'ಚೂಟಿ ಮಗು' ಎಂಬ ಮಾತನ್ನು ಅವನು ಎರಡು ಸಲ ಓದಿದ. ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ಪತ್ರಿಕೆಯೂ ಅವನ ನಟನೆಯ ಬಗ್ಗೆ ಇಷ್ಟು ಒಳ್ಳೆಯದನ್ನು ಬರೆದಿರಲಿಲ್ಲ. ಒಬ್ಬನೇ ಒಬ್ಬ ಪ್ರೇಕ್ಷಕ, ಆದರೂ ಒನ್ಸ್ ಮೋರ್! ಅದಾದ ಮೇಲೆ ಆ ಪ್ರೇಕ್ಷಕ ಯಾರೆಂಬುದು ಹೊಳೆಯಿತು. ಕಾಫಿ ಲೋಟವನ್ನು ಬದಿಗೆ ಸರಿಸಿ ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದ.

ನೆನಪು ಬರಲಿಲ್ಲವೇ ಎಂದು ನೀವು ಕೇಳಬಹುದು. ಬರುವುದೇನು, ಆ ನೆನಪು ಅಚ್ಚಾಗಿತ್ತು! ನಾಟಕದ ಕರಪತ್ರ ಐನೂರು ಪ್ರತಿ ಬಂದು ಮೂಲೆಯಲ್ಲಿ ಕೂತಿತ್ತು. ಅದರ ಹಿಂಪುಟದಲ್ಲಿ 'ನಿರ್ದೇಶಕರ ಪರಿಚಯ' ಎಂದು ಅವನೇ ಬರೆದುಕೊಂಡಿದ್ದ: "ಆರನೇ ವಯಸ್ಸಿನಲ್ಲಿ ಮನೆಗೆ ಬಂದ ನೆಂಟರೊಬ್ಬರ ಮುಂದೆ ಅಜ್ಜಿಯಂತೆ ನಟಿಸಿ ನಗಿಸಿದ್ದೇ ಇವರ ರಂಗಪ್ರವೇಶ." ರೇಡಿಯೊದಲ್ಲಿ ಒಮ್ಮೆ ಹೇಳಿದ್ದ. ಮಕ್ಕಳಿಗೆ ಪಾಠ ಮಾಡುವಾಗ ಪ್ರತಿ ವರ್ಷ ಹೇಳಿದ್ದ. ಆ ನೆಂಟರು ಯಾರೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಅವನಿಗೆ ನೆನಪಿದ್ದದ್ದು ಅವರ ನಗು ಮಾತ್ರ.

ಬುಧವಾರ ತಾಲೀಮಿಗೆ ಬಂದವನು ಗಂಟಲು ಸರಿಮಾಡಿಕೊಂಡು, "ನಾಟಕ ಯಾಕೋ ಉದ್ದ ಆಯ್ತು. ನಾಲ್ಕನೇ ದೃಶ್ಯ ತೆಗೆದುಬಿಡೋಣ" ಎಂದ.

ಫೈರೂಜ್ ಅವನನ್ನೇ ನೋಡಿದಳು. "ಕಚೇರಿಯಿಂದ ಕಾಗದ ಬಂತಾ ಸರ್?"

"ಎಲ್ಲಿ ಬರುತ್ತೆ? ಸರ್ಕಾರಿ ಕೆಲಸ."

ಅವಳು ತನ್ನ ಚೀಲದಿಂದ ಒಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟಳು. ಅದೇ ಮುದ್ರೆ, ಅದೇ ಹಾಳೆ.

"ಅರ್ಜಿಗೆ ನನ್ನ ಸಹಿನೂ ಇತ್ತಲ್ಲ ಸರ್. ನಂಗೂ ಒಂದು ಪ್ರತಿ ಕಳಿಸಿದ್ರು. ನೀವೇ ಹೇಳ್ತೀರಿ ಅಂತ ನಿನ್ನೆಯಿಂದ ಕಾಯ್ತಿದ್ದೆ."

ಕ್ಲೆಮೆಂಟನ ಮುಖ ಹುಳ್ಳಗಾಯಿತು. ಸುಳ್ಳು ಹೇಳಿ ಸಿಕ್ಕಿಬಿದ್ದ ಮಕ್ಕಳನ್ನು ಇಪ್ಪತ್ತನಾಲ್ಕು ವರ್ಷ ಎದುರಿಗೆ ನಿಲ್ಲಿಸಿಕೊಂಡವನಿಗೆ, ಆ ಜಾಗದಲ್ಲಿ ನಿಂತರೆ ಕಣ್ಣು ತಾನಾಗಿಯೇ ನೆಲಕ್ಕೆ ಹೋಗುತ್ತದೆಂದು ಈಗ ಗೊತ್ತಾಯಿತು.

"ನಾನು ಆಗ ಆರು ವರ್ಷದ ಮಗು ಫೈರೂಜ್."

"ಗೊತ್ತು ಸರ್. ನಿಮ್ಮನ್ನ ಯಾರೂ ಬೈಯಲ್ಲ. ಆದ್ರೆ ಏನೂ ತಪ್ಪು ಮಾಡದ ಡಲ್ಸಿ ಆಂಟಿನ ಎಲ್ಲರೂ ಬೈದ್ರು."

"ದೃಶ್ಯ ತೆಗೆದ್ರೆ ಅವರಿಗೂ ಒಳ್ಳೇದೇ ಅಲ್ವಾ? ಹೆಸರೇ ಬರಲ್ಲ."

"ನಾಟಕದಲ್ಲಿ ಬರಲ್ಲ. ಊರಲ್ಲಿ?" ಅವಳು ಲಕೋಟೆ ಅಲ್ಲೇ ಬಿಟ್ಟು ಎದ್ದಳು. "ಹೆಸರು ಬರೋರನ್ನೆಲ್ಲ ಕರೀಬೇಕು ಅಂತ ನೀವೇ ನಿಯಮ ಮಾಡಿದ್ದು. ಹೋದ ವಾರ ಹೋಗಿ ಕರೆದು ಬಂದಿದ್ದೀನಿ. 'ನನ್ನ ಪಾತ್ರ ಯಾರಮ್ಮ ಮಾಡೋದು' ಅಂತ ಕೇಳಿದ್ರು. ನಾನೇ ಅಂದೆ. 'ಹಾಗಾದ್ರೆ ಬಟ್ಟೆ ಸರಿಯಾಗಿ ಹೊಲಿಸ್ಕೋ, ನಂಗೆ ಕೆಟ್ಟ ಹೆಸರು ತರಬೇಡ' ಅಂದ್ರು ಸರ್. ಅವರು ಖಂಡಿತ ಬರ್ತಾರೆ."

ಅಂದು ಮಧ್ಯಾಹ್ನ ಕ್ಲೆಮೆಂಟ್ ಅಕ್ಕನ ಮನೆಗೆ ಹೋದ. ಲೋರ್ನಾ ಅವನಿಗಿಂತ ನಾಲ್ಕು ವರ್ಷ ದೊಡ್ಡವಳು. ಬಟ್ಟೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲರು ಹೊಲಿದು ಬೆನ್ನು ಬಾಗಿಸಿಕೊಂಡಿದ್ದಳು. ಆ ಶಾಲೆಯಲ್ಲೇ ಓದಿದ್ದರೆ ಟೀಚರಾಗುತ್ತಿದ್ದೆ ಎಂಬ ಮಾತನ್ನು ವರ್ಷಕ್ಕೊಮ್ಮೆ, ಕ್ರಿಸ್‌ಮಸ್ಸಿಗೆ ವೈನ್ ಕುಡಿದಾಗ ಮಾತ್ರ ಹೇಳುತ್ತಿದ್ದಳು. ಅವನು ಟೀಚರಾಗಿದ್ದ. ಇದು ಅವನಿಗೆ ಮೊದಲ ಬಾರಿಗೆ ಚುಚ್ಚಿದ್ದು ಅವತ್ತು, ಅವಳ ಗೇಟು ತೆಗೆಯುವಾಗ.

ಅವಳು ಇಸ್ತ್ರಿ ಮಾಡುತ್ತಿದ್ದಳು. ಹಾಳೆ ತೆಗೆದುಕೊಂಡು ನಿಂತೇ ಓದಿದಳು. ಓದಿ ಮುಗಿದರೂ ಕಣ್ಣೆತ್ತಲಿಲ್ಲ. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಇತ್ತು. ಸುಟ್ಟ ವಾಸನೆ ಬಂದಾಗ ಕ್ಲೆಮೆಂಟೇ ಅದನ್ನು ಎತ್ತಿಟ್ಟ.

"ಟವೆಲ್ ಸುತ್ಕೊಂಡು..." ಎಂದಳು ಲೋರ್ನಾ. "ನೀನು ಓಮಾನ ಹಾಗೆ ಮಾಡಿದ್ರೆ ನಾವೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ಓಮಾನೂ ನಗ್ತಿದ್ಲು. ಮತ್ತೆ ಮಾಡು ಅಂತ ನಾನೇ ಹೇಳ್ತಿದ್ದೆ."

"ನನ್ನಿಂದ ನಿನ್ನ ಶಾಲೆ..."

"ಬಾಯ್ಮುಚ್ಚು. ನನ್ನ ಶಾಲೆ ಕಿತ್ಕೊಂಡಿದ್ದು ಆರು ವರ್ಷದ ಹುಡುಗ ಅಲ್ಲ. ನಗ್ತಾ ಕೂತು ಬರ್ಕೊಂಡು ಹೋದ್ನಲ್ಲ, ಅವನು. ಅವನ ಹಿಂದೆ ಇದ್ರಲ್ಲ, ಅವರು." ಅವಳು ಹಾಳೆಯನ್ನು ಮಡಿಸಿ ಅವನ ಕೈಗೆ ಕೊಟ್ಟಳು. "ಆದ್ರೆ ಕ್ಲೆಮ್ಮಿ, ಆರು ವರ್ಷಕ್ಕೆ ನೀನು ಮಗು. ಏಳಕ್ಕೂ ಮಗುನೇ. ಆಮೇಲೆ? ಇಪ್ಪತ್ತಕ್ಕೆ? ನಲವತ್ತಕ್ಕೆ? ಒಬ್ಬ ಹೆಂಗಸಿನ ಹೆಸರು ಹಿಡಿದು ಉಗಿಯೋಕೆ ಮುಂಚೆ ಒಂದು ಸಲ ಹೋಗಿ ಅವಳನ್ನೇ ಕೇಳಿದ್ವಾ? ನಾನೂ ಕೇಳ್ಲಿಲ್ಲ. ಗುಮಾಸ್ತ ಕೂದಲು ನೋಡಿ ನಮ್ಮನ್ನ ತೀರ್ಮಾನ ಮಾಡ್ದ ಅಂತ ಅಳ್ತೀವಿ. ನಾವು ಕಿಟಕಿ ನೋಡಿ ಅವಳನ್ನ ತೀರ್ಮಾನ ಮಾಡಿದ್ವಿ."

ಕ್ಲೆಮೆಂಟನಿಗೆ ಈ ಮಾತು ತಾನೇ ಬರೆದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

"ಶನಿವಾರ ಓದ್ತೀನಿ" ಎಂದ. "ಎಲ್ಲರ ಮುಂದೆ, ನನ್ನ ಹೆಸರು ಸಮೇತ."

"ಓದು. ಆದ್ರೆ ಧ್ವನಿ ನಡುಗಿಸಬೇಡ. ನಿನ್ನ ಬುದ್ಧಿ ನಂಗೊತ್ತು."

ಅವನು ಇಲ್ಲ ಇಲ್ಲವೆಂದು ಬಲವಾಗಿ ತಲೆ ಅಲ್ಲಾಡಿಸಿದ. ನಿಜ ಹೇಳಬೇಕೆಂದರೆ, ಬರುವಾಗ ದಾರಿಯಲ್ಲೇ ಧ್ವನಿ ಎಲ್ಲೆಲ್ಲಿ ನಡುಗಬೇಕೆಂದು ಯೋಚಿಸಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದ. ಮನೆಗೆ ಹೋಗಿ ರಬ್ಬರು ಹುಡುಕಿದ.

ಶನಿವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಹಾಲು ಜನರಿಂದ ತುಂಬಿತ್ತು. ಡಲ್ಸಿ ಆಂಟಿ ಎರಡನೇ ಸಾಲಿನಲ್ಲಿ ಕೂತಿದ್ದಳು, ತಾನೇ ಹೊಲಿದ ನೇರಳೆ ಕೋಟು, ಅದಕ್ಕೊಪ್ಪುವ ಟೋಪಿ. ಎಪ್ಪತ್ತಾರು ವರ್ಷ. ಕಡ್ಡಿಯಂತಿದ್ದಳು. ಗದ್ದ ಮಗುವಿನದರಂತೆ ನುಣ್ಣಗಿತ್ತು. ಇಷ್ಟು ವರ್ಷ ದ್ವೇಷಿಸಿದ ಮುಖವನ್ನು ಕ್ಲೆಮೆಂಟ್ ಸರಿಯಾಗಿ ನೋಡಿರಲೇ ಇಲ್ಲ. ಅವಳ ಅಕ್ಕಪಕ್ಕದ ಎರಡು ಕುರ್ಚಿ ಖಾಲಿ ಬಿಟ್ಟು ಜನ ಕೂತಿದ್ದರು. ಆ ಖಾಲಿ ಕುರ್ಚಿಗಳಿಗೆ ತಾನೇ ಹೊಣೆ ಎಂದು ಅವನಿಗೆ ಗೊತ್ತಿತ್ತು.

ಮೂರು ದೃಶ್ಯ ಮುಗಿದವು. ನಾಲ್ಕನೆಯದಕ್ಕೆ ಪರದೆ ಇಲ್ಲ, ಸೂಜಿ ಇಲ್ಲ, ನರಹುಲಿ ಇಲ್ಲ. ಕ್ಲೆಮೆಂಟ್ ಒಬ್ಬನೇ ಬಂದು ಮುಂದೆ ನಿಂತ. ತಾರೀಕಿನಿಂದ ಪೆಪ್ಪರಮಿಂಟಿನ ತನಕ ಓದಿದ. ತನ್ನ ಹೆಸರು ಬಂದಾಗ ಹಾಲಿನಲ್ಲಿ ಯಾರೋ "ಅಯ್ಯೋ" ಎಂದರು. ಅವನ ಧ್ವನಿ ನಡುಗಲಿಲ್ಲ. ಆದರೆ 'ನಾನು ನಕ್ಕಿದ್ದರಿಂದ ಮತ್ತೊಮ್ಮೆ ತೋರಿಸಿತು' ಎಂಬಲ್ಲಿ, ಪೆನ್ಸಿಲಿನ ಗುರುತೇ ಇಲ್ಲದ ಜಾಗದಲ್ಲಿ, ಧ್ವನಿ ನಿಂತೇಹೋಯಿತು. ಆ ಟವೆಲಿನ ಬಣ್ಣ ನೆನಪಾಗಿತ್ತು. ನೀಲಿ. ಓಮಾ ಕಲ್ಲಿದ್ದಲಿನ ಕೋಣೆಯಿಂದ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದ ಟವೆಲು ಅದು. ಒಂದು ನಿಮಿಷ ಅವನು ಸುಮ್ಮನೆ ಅತ್ತ. ಅದು ಚೆನ್ನಾಗಿ ಕಾಣುವ ಅಳುವಾಗಿರಲಿಲ್ಲ, ಮೂಗು ಸೋರುತ್ತಿತ್ತು.

ಓದಿ ಮುಗಿಸಿ ಹಾಳೆ ಮಡಿಸಿದ. "ಇದು ಕಾಗದದಲ್ಲಿರೋದು" ಎಂದ. "ಕಾಗದದಲ್ಲಿ ಇಲ್ಲದ್ದು ಒಂದಿದೆ. ಈ ಮಸಿಯ ಕೆಳಗೆ ನಾವು ಡಲ್ಸಿ ಯಾಫ್ಟಾ ಅಂತ ಬರೆದ್ವಿ. ನಲವತ್ತನಾಲ್ಕು ವರ್ಷ ಬರೆದ್ವಿ. ಅವರು ಏನೂ ಮಾಡಿರಲಿಲ್ಲ. ಆಂಟಿ, ನನ್ನದು ತಪ್ಪಾಯ್ತು."

ಮೊದಲು ಯಾರೋ ಹಿಂದಿನ ಸಾಲಿನಲ್ಲಿ ಕೈ ತಟ್ಟಿದರು. ಆಮೇಲೆ ಇಡೀ ಸಭೆ ಎದ್ದು ನಿಂತು ತಟ್ಟಿತು. ಅಷ್ಟು ಚಪ್ಪಾಳೆಯನ್ನು ಕ್ಲೆಮೆಂಟ್ ಜನ್ಮದಲ್ಲಿ ಕೇಳಿರಲಿಲ್ಲ. ಅವನ ಸೊಂಟ ಅಭ್ಯಾಸಬಲದಿಂದ ತಾನಾಗಿ ಬಾಗಿತು. ಬಾಗಿ ಅರ್ಧ ದಾರಿಯಲ್ಲಿರುವಾಗ ತಾನೇನು ಮಾಡುತ್ತಿದ್ದೇನೆಂದು ಹೊಳೆದು, ಏನೋ ಬಿದ್ದದ್ದನ್ನು ಹುಡುಕುವವನಂತೆ ನೆಲ ನೋಡುತ್ತ ನಿಂತ. ಹಿಂದೆ ಚಹಾದ ಮೇಜಿನ ಬಳಿ ನಿಂತಿದ್ದ ಲೋರ್ನಾ ಹಣೆ ಚಚ್ಚಿಕೊಂಡದ್ದು ಅಲ್ಲಿಂದಲೇ ಕಂಡಿತು.

ಚಪ್ಪಾಳೆ ನಿಂತಾಗ ಡಲ್ಸಿ ಆಂಟಿ ಕೈಯೆತ್ತಿದಳು.

"ಆಯ್ತಾ ನಿಮ್ಮದೆಲ್ಲ? ಆಗಿದ್ರೆ ನಾನೊಂದು ಮಾತು ಹೇಳ್ತೀನಿ. ಎದ್ದು ನಿಲ್ಲೋಕಾಗಲ್ಲ, ಮಂಡಿನೋವು." ಅವಳ ಧ್ವನಿ ಸಣ್ಣದು, ಹಿಂದಿನ ಸಾಲಿನವರು ಮುಂದಕ್ಕೆ ಬಾಗಿದರು. "ಇದೆಲ್ಲ ನಂಗೆ ಗೊತ್ತಿತ್ತು ಕ್ಲೆಮ್ಮಿ."

ಕ್ಲೆಮೆಂಟ್ ತಲೆಯೆತ್ತಿದ.

"ಅವತ್ತೇ ಸಂಜೆ ನಿಮ್ಮಮ್ಮ ಓಣಿಯಿಂದ ನಮ್ಮನೆಗೆ ಓಡಿ ಬಂದ್ಲು. ಅಂಗಡಿಯಿಂದ ವಾಪಸ್ ಬಂದ್ರೆ ನಿನ್ನ ಬಾಯಲ್ಲಿ ಪೆಪ್ಪರಮಿಂಟು. ಯಾರು ಕೊಟ್ರು ಅಂದಿದ್ದಕ್ಕೆ ನಡೆದಿದ್ದೆಲ್ಲ ನೀನೇ ಹೇಳಿದ್ದೀಯ. ಹೇಳೋದೇನು, ಇಡೀ ನಾಟಕ ಇನ್ನೊಂದು ಸಲ ಆಡಿ ತೋರ್ಸಿದ್ದೀಯ. 'ಡಲ್ಸಿ, ಇದು ಅವರಪ್ಪನಿಗೆ ಗೊತ್ತಾದ್ರೆ ಮಗನ ಮುಖ ಜನ್ಮದಲ್ಲಿ ನೋಡಲ್ಲ. ತನ್ನಿಂದಲೇ ಆಯ್ತು ಅಂತ ಮಗನಿಗೇ ಗೊತ್ತಾದ್ರೆ ಅವನು ಜನ್ಮದಲ್ಲಿ ಬಾಯಿ ಬಿಡಲ್ಲ. ಯಾರಾದ್ರೂ ನಿನ್ನ ಮೇಲೆ ಅನುಮಾನ ಪಟ್ರೆ ಸುಮ್ನಿದ್ದುಬಿಡು' ಅಂದ್ಲು. ನನ್ನ ಕಾಲು ಹಿಡ್ಕೊಂಡ್ಲು. ಅಷ್ಟು ಚಿಕ್ಕ ಹುಡುಗನ ತಲೆ ಮೇಲೆ ಅಂಥ ಭಾರ ಹಾಕೋಕಾಗುತ್ತಾ? ಆಯ್ತು ಅಂದೆ."

ಹಿಂದೆ ಒಂದು ಲೋಟ ಕೆಳಗೆ ಬಿದ್ದ ಸದ್ದಾಯಿತು. ಬೀಳಿಸಿದ್ದು ಲೋರ್ನಾ.

"ನಿಮ್ಮಪ್ಪ ಹೋದ್ರು. ಆಮೇಲೆ ಎಥೆಲೂ ಹೋದ್ಲು. ನಾನಾಗಿ ಬಂದು ಹೇಳಿದ್ರೆ ನೀವು ನಂಬ್ತಿದ್ರಾ? ಅವಳಿಗೆ ಮಾತು ಬೇರೆ ಕೊಟ್ಟಿದ್ದೆ. ಕಷ್ಟ ಆಗ್ಲಿಲ್ಲ ಅಂತ ಹೇಳಲ್ಲಪ್ಪ, ಬಹಳ ಆಯ್ತು. ಯಜಮಾನರು ತೀರ್ಕೊಂಡಾಗ ನಿಮ್ಮ ಬೀದಿಯವರು ಯಾರೂ ಮಣ್ಣಿಗೆ ಬರ್ಲಿಲ್ಲ." ಅವಳು ಟೋಪಿ ಸರಿಮಾಡಿಕೊಂಡಳು. "ಅವತ್ತು ಎಥೆಲ್‌ನ ಒಂದು ಕೇಳಿದ್ದೆ. ಎಲ್ಲಿವರೆಗೆ ಅಂತ. ಅವನು ದೊಡ್ಡವನಾಗೋವರೆಗೆ ಅಂದ್ಲು."

ಕ್ಲೆಮೆಂಟ್ ಐವತ್ತು ವರ್ಷದವನು, ತಲೆ ಅರ್ಧ ನರೆತವನು, ರಂಗದ ಮೇಲೆ ನಿಂತಿದ್ದ.

"ಅದಕ್ಕೇ ಕಾಯ್ತಿದ್ದೆ ಮಗಾ" ಎಂದಳು ಡಲ್ಸಿ ಆಂಟಿ.

ಒಂದು ಮೂಲೆಯಿಂದ ನಗು ಬಂತು. ಅದು ಸಾಲಿನಿಂದ ಸಾಲಿಗೆ ಹಬ್ಬಿ, ಜನ ಕಣ್ಣೊರೆಸಿಕೊಳ್ಳುತ್ತ ನಕ್ಕರು. ಕ್ಲೆಮೆಂಟನೂ ನಗಲು ಹೋದ, ಆಗಲಿಲ್ಲ. ಮೂರು ಮೆಟ್ಟಿಲು ಇಳಿದು ಎರಡನೇ ಸಾಲಿನ ತನಕ ಹೋದ. ಅವಳ ಮುಂದೆ ನಿಂತ. ಬಾಯಿ ತೆರೆದ. ಹೇಳಲು ಒಂದು ಮಾತೂ ಸಿಗಲಿಲ್ಲ. ಅವನ ಜೀವನದಲ್ಲಿ ಹೀಗಾದದ್ದು ಅದೇ ಮೊದಲು.

ಡಲ್ಸಿ ಆಂಟಿ ಪಕ್ಕದ ಖಾಲಿ ಕುರ್ಚಿಯ ಮೇಲಿದ್ದ ತನ್ನ ಚೀಲ ಎತ್ತಿಕೊಂಡಳು.

"ಕೂತ್ಕೋ" ಎಂದಳು. "ಹಿಂದಿನವರಿಗೆ ಕಾಣಲ್ಲ."